ದವಡೆ ಹಲ್ಲಿಗೆ ಬಿಳಿ ಫಿಲ್ಲಿಂಗಾ? ಕೂರುವ ಮುಂಚೆ ಇಷ್ಟು ಕೇಳಿಬಿಡಿ

ನನ್ನ ಎರಡು ದವಡೆ ಹಲ್ಲುಗಳ ಸಂದಿಯಲ್ಲಿ ಹುಳುಕಾಗಿತ್ತು. ಹಲ್ಲಿನ ಬಣ್ಣದ ಕಾಂಪೋಸಿಟ್ ಫಿಲ್ಲಿಂಗ್ ಹಾಕಿದರು. ನೋಡೋಕೆ ಎಷ್ಟು ಚೆನ್ನಾಗಿತ್ತೆಂದರೆ ಫಿಲ್ಲಿಂಗ್ ಎಲ್ಲಿದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ಈಗ ಅದೇ ಹಲ್ಲಿಗೆ ರೂಟ್ ಕೆನಾಲ್ ಆಗಿ, ಮೇಲೆ ಕ್ಯಾಪ್ ಕೂತಿದೆ.

ಕಾಂಪೋಸಿಟ್‌ಗೆ ಒದ್ದೆ ಆಗಿಬರುವುದಿಲ್ಲ. ಹಲ್ಲಿಗೆ ಆಸಿಡ್ ಜೆಲ್ ಹಚ್ಚಿ, ತೊಳೆದು, ಬಾಂಡ್ ಅನ್ನೋ ಅಂಟು ಹಚ್ಚಿ ಆಮೇಲೆ ತುಂಬುತ್ತಾರೆ. ಈ ನಡುವೆ ಜೊಲ್ಲೋ ಒಸಡಿನ ರಕ್ತವೋ ತಾಗಿದರೆ ಸರಿಯಾಗಿ ಅಂಟುವುದಿಲ್ಲ. ಅದಕ್ಕೇ ಹಲ್ಲಿನ ಸುತ್ತ ಕೂರಿಸಿ ಜೊಲ್ಲು ತಡೆಯೋಕೆ ರಬ್ಬರ್ ಡ್ಯಾಮ್ ಅಂತ ಒಂದು ತೆಳು ಹಾಳೆ ಇರುವುದು. ನನಗೆ ಹತ್ತಿ ಉಂಡೆ ಇಟ್ಟರು. ಹತ್ತಿಯಲ್ಲೂ ಕೆಲಸ ಚೆನ್ನಾಗಿ ಮಾಡುವವರಿದ್ದಾರೆ, ಆದರೆ ನೆನೆದ ಮೇಲೆ ಬದಲಾಯಿಸಬೇಕು ಅಲ್ವಾ? ಅದು ತೊಪ್ಪೆಯಾಗಿ ನಾಲಿಗೆಗೆ ತಾಗುತ್ತಿತ್ತು, ಡಾಕ್ಟರು ಫೋನಿನಲ್ಲಿದ್ದರು. ಬಾಯಿ ತೆರೆದು ಮಲಗಿದವರು ಏನು ಹೇಳಲು ಸಾಧ್ಯ!

ಇನ್ನೊಂದು ವಿಷಯ. ಈ ಮೆಟೀರಿಯಲ್ ಗಟ್ಟಿಯಾಗುವಾಗ ಸ್ವಲ್ಪ ಕುಗ್ಗುತ್ತದೆ. ಹಾಗಾಗಿ ಮಾಮೂಲಿ ಕಾಂಪೋಸಿಟ್ಟನ್ನು ಸುಮಾರು 2 ಮಿ.ಮೀ. ಪದರಗಳಲ್ಲಿ ತುಂಬಿ, ಪ್ರತಿ ಪದರಕ್ಕೂ ನೀಲಿ ಲೈಟ್ ಹಿಡಿಯಬೇಕು. ಬಲ್ಕ್ ಫಿಲ್ ಅನ್ನೋ ಬೇರೆ ಬಗೆಯ ಕಾಂಪೋಸಿಟ್ ಆದರೆ 4 ಮಿ.ಮೀ.ವರೆಗೂ ಒಟ್ಟಿಗೆ ತುಂಬಬಹುದು. ನನಗೆ ಹಾಕಿದ್ದು ಮಾಮೂಲಿಯದೇ, ಆದರೂ ಒಂದೇ ಸಲಕ್ಕೆ ತುಂಬಿ ಮುಗಿಸಿದರು.

ಮರಗಟ್ಟಿದ್ದು ಇಳಿದ ಮೇಲೆ ಕಚ್ಚಿದರೆ ಆ ಹಲ್ಲೇ ಮೊದಲು ತಾಗುತ್ತಿತ್ತು. ಪಕ್ಕದ ಹಲ್ಲಿಗೆ ಫಿಲ್ಲಿಂಗ್ ಕೂಡಿಕೊಂಡಿರಲಿಲ್ಲ, ಉಂಡಾಗಲೆಲ್ಲ ಸಂದಿಯಲ್ಲಿ ಅನ್ನ ಸಿಕ್ಕಿಕೊಳ್ಳುತ್ತಿತ್ತು. ವಾಪಸ್ ಹೋಗಿ ಹೇಳಿದರೆ ‘ಸವೆದು ಸರಿಹೋಗುತ್ತೆ’ ಅಂದರು. ಬಣ್ಣದ ಕಾಗದ ಕಚ್ಚಿಸಿ ಎತ್ತರ ಉಜ್ಜುವುದು ಸಣ್ಣ ಕೆಲಸ, ಅದನ್ನೂ ಮಾಡಲಿಲ್ಲ. ತಣ್ಣೀರಿಗೆ ಮೊದಮೊದಲು ಹಲ್ಲು ಜುಮ್ಮೆನ್ನುವುದು ಸಹಜ, ದಿನೇ ದಿನೇ ಇಳಿಯಬೇಕು. ನನ್ನದು ಏರುತ್ತಲೇ ಹೋಗಿ, ಕೊನೆಗೆ ರಾತ್ರಿ ನಿದ್ದೆ ಕೆಡಿಸುವಷ್ಟು ಸಿಡಿತ ಶುರುವಾಯಿತು. ಬೇರೆ ಡಾಕ್ಟರು ಎಕ್ಸ್‌-ರೇ ತೆಗೆಸಿದರೆ ಒಸಡಿನ ಹತ್ತಿರ ಫಿಲ್ಲಿಂಗ್ ಅಡಿಯಲ್ಲಿ ಹೊಸ ಹುಳುಕು. ಅದು ನರದವರೆಗೂ ಹೋಗಿತ್ತು.

ಬಿಳಿ ಫಿಲ್ಲಿಂಗೇ ಕೆಟ್ಟದ್ದು ಅಂತ ಸುಮ್ನೆ ದೂರುತ್ತಿಲ್ಲ. ಅವಸರದಲ್ಲಿ ಹಾಕುವ ಸಾಮಾನು ಅದಲ್ಲ, ಅಷ್ಟೇ. ಹಲ್ಲನ್ನು ಒಣಗಿಸಿಡಲು ಏನು ಮಾಡುತ್ತೀರಿ, ಪದರ ಪದರವಾಗಿ ತುಂಬುತ್ತೀರಾ ಅಂತ ಮೊದಲೇ ಕೇಳಿ. ಹುಳುಕು ಒಸಡಿನ ಕೆಳಗಿಳಿದಿದ್ದರೆ ಅಲ್ಲಿ ಒಣಗಿಸುವುದೇ ಕಷ್ಟ. ಆಗ ಬೇರೆ ಮೆಟೀರಿಯಲ್ ಅಥವಾ ಕ್ಯಾಪ್ ಬಗ್ಗೆಯೂ ವಿಚಾರಿಸಿ. ಹಾಕಿಸಿಕೊಂಡ ಮೇಲೆ ಸಂದಿಯಲ್ಲಿ ಫ್ಲಾಸ್ ದಾರ ಎಳೆದು ನೋಡಿ. ಬಿಗಿಯಾಗಿ ಜಾರಬೇಕು. ಸಲೀಸಾಗಿ ಹೋದರೂ, ಎಳೆ ಎಳೆಯಾಗಿ ಹರಿದರೂ ಅವತ್ತೇ ಹೇಳಿ ಸರಿ ಮಾಡಿಸಿಕೊಳ್ಳಿ.