ಎರೆಮಣ್ಣಲ್ಲಿ ರೋಟೇಟರ್ ಕೇಬಲ್: ಬರಿ ಹೂಳೋದೋ, ಪಿವಿಸಿಯೋ, ಕರಿ ಪೈಪೋ?

ತಾಳಿಕೋಟೆ ಹತ್ತಿರ ಡೋಣಿ ದಂಡೆಯ ಹೊಲ ನಮ್ಮದು. ಹ್ಯಾಮ್ ರೇಡಿಯೋ ಇರುವ ಕೋಣೆಯಿಂದ ಟವರ್ ಬುಡಕ್ಕೆ 35 ಮೀಟರ್, ನೆಲ ಪೂರ್ತಿ ಎರೆ. ಬಿಳಿಜೋಳಕ್ಕೆ ಹೇಳಿ ಮಾಡಿಸಿದ ಮಣ್ಣು, ಕೇಬಲ್‌ಗೆ ಮಾತ್ರ ಅಲ್ಲ. ಆಂಟೆನಾ ತಿರುಗಿಸುವ ರೋಟೇಟರ್‌ನ ಆರು ಎಳೆಯ ಕೇಬಲ್ಲನ್ನು ಮೂರು ಥರ ಹೂತು ನೋಡಿದೆ.

ಮೊದಲು ಸಾದಾ ಕೇಬಲ್ಲನ್ನೇ ಒಂದಡಿ ಆಳಕ್ಕೆ ಹೂತೆ. ಒಂದು ಮಳೆಗಾಲ ಸುಮ್ನೆ ಇತ್ತು. ಮರುವರ್ಷ ಕೋಣೆಯಲ್ಲಿ ದಿಕ್ಕು ತೋರಿಸುವ ಮೀಟರಿನ ಮುಳ್ಳು ಸುಳ್ಳು ಹೇಳತೊಡಗಿತು, ಆಂಟೆನಾ ಪೂರ್ವಕ್ಕೆ ಮುಖ ಮಾಡಿದ್ದರೆ ಅದು ಆಗ್ನೇಯ ತೋರಿಸುತ್ತಿತ್ತು. ದಿಕ್ಕು ಹೇಳುವುದು ರೋಟೇಟರ್ ಒಳಗಿನ ಪೊಟೆನ್ಶಿಯೋಮೀಟರ್ (ತಿರುಗಿದಂತೆ ವಿದ್ಯುತ್ತಿಗೆ ಒಡ್ಡುವ ತಡೆ ಬದಲಾಗುವ ಭಾಗ), ಎಳೆಗಳ ನಡುವೆ ನೀರು ಸೇರಿದರೆ ಅದರ ಲೆಕ್ಕ ತಪ್ಪುತ್ತದೆ. ಅಗೆದು ನೋಡಿದೆ. ಹೆಗ್ಗಣ ಕಡಿದು ತಾಮ್ರ ಹಸಿರುಗಟ್ಟಿತ್ತು. ಬರಿ ಹೂಳುವುದೇ ಆದರೆ ಉಕ್ಕಿನ ಪಟ್ಟಿ ಸುತ್ತಿದ ಆರ್ಮರ್ಡ್ ಕೇಬಲ್ ಹಾಕಿ, ಆದರೆ ನಾಳೆ ಇನ್ನೊಂದು ಎಳೆ ಬೇಕಾದರೆ ಮತ್ತೆ ಗುದ್ದಲಿನೇ.

ಆಮೇಲೆ ಪಿವಿಸಿ. ಮೂರು ಮೀಟರಿನ 12 ಪೈಪು, ಅಂಟು ಹಾಕಿದ 11 ಜೋಡಣೆ. ಎಲ್ಲರೂ ಹೇಳುವುದು ಇದನ್ನೇ, ಮಸಾರಿ (ಕೆಂಪು ಮಣ್ಣಿನ) ನೆಲದಲ್ಲಿ ಇದು ಸಾಕು ಕೂಡ. ನಮ್ಮಲ್ಲಿ ಬೇಸಿಗೆಗೆ ನೆಲ ಕೈ ಇಳಿಯುವಷ್ಟು ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ, ಆ ಎಳೆದಾಟದಲ್ಲಿ ಎರಡು ಜೋಡಣೆ ಬಿಟ್ಟುಕೊಂಡಿದ್ದವು. ಗೊತ್ತಾಗಿದ್ದು ಇನ್ನೊಂದು ಎಳೆ ಹಾಕಲು, ಅದಕ್ಕೆಂದೇ ಒಳಗೆ ಬಿಟ್ಟಿದ್ದ ನೈಲಾನ್ ಹುರಿ ಜಗ್ಗಿದಾಗ. ಹುರಿ ಜೊತೆ ಕರಿ ಕೆಸರು ಬಂತು, ಕೇಬಲ್ ನೀರಲ್ಲೇ ಮಲಗಿತ್ತು.

ಈಗಿರುವುದು ಎಚ್‌ಡಿಪಿಇ, ಬೋರ್‌ವೆಲ್ ನೀರಿಗೆ ಹಾಕುವ ಕರಿ ಪೈಪು. ಸುರುಳಿಯಲ್ಲಿ ಬರುತ್ತದೆ, ನಡುವೆ ಒಂದೂ ಜೋಡಣೆ ಇಲ್ಲ, ನೆಲ ಅಲುಗಿದರೆ ತಾನೂ ಬಾಗುತ್ತದೆ. ಕಾಟ ಇಲ್ಲ ಅಂತಲ್ಲ. ಬಿಚ್ಚಿ ಹಾಕಿದರೂ ಮತ್ತೆ ಸುತ್ತಿಕೊಳ್ಳುತ್ತದೆ, ಎರಡೂ ತುದಿಗೆ ಕಲ್ಲು ಹೇರಿ ಒಂದಿಡೀ ದಿನ ಬಿಸಿಲಿಗೆ ಬಿಟ್ಟೆ. ಹುರಿ ದಾಟಿಸೋದು ಅದಕ್ಕಿಂತ ಕಷ್ಟ. ಹಾಲಿನ ಪಾಕೀಟು ಉಂಡೆ ಮಾಡಿ ಹುರಿಗೆ ಕಟ್ಟಿ, ಆ ತುದಿಯಿಂದ ವ್ಯಾಕ್ಯೂಮ್ ಕ್ಲೀನರ್ ಹಚ್ಚಿದ ಮೇಲೇ ಬಂತು, ಮಗಳು ಚಪ್ಪಾಳೆ ಹೊಡೆದಳು. ಕೇಬಲ್ ಜೊತೆ ಇನ್ನೊಂದು ಹುರಿಯನ್ನೂ ಎಳೆದು ಒಳಗೇ ಬಿಟ್ಟಿದ್ದೇನೆ. ಎರಡು ಮಳೆಗಾಲ ಆಯ್ತು, ಮುಳ್ಳು ಸರಿಯಾಗಿದೆ. ಪೈಪಿನೊಳಗೆ ಬೆವರು ಕಟ್ಟೋದು ತಪ್ಪಲ್ಲ, ಅದಕ್ಕೇ ಒಳಗೆ ಎರಡು ತುಂಡು ಕೇಬಲ್ ಜೋಡಿಸಬೇಡಿ. ತುದಿಗಳನ್ನು ಕೊಡೆಯ ಹಿಡಿಯ ಹಾಗೆ ಕೆಳಮುಖ ಮಾಡಿ.

ಆಳ ಎರಡಡಿ, ಟ್ರ್ಯಾಕ್ಟರ್ ರಂಟೆಗೆ ಸಿಗಬಾರದಲ್ವಾ. ನಡುಮಟ್ಟದಲ್ಲಿ ಯೂರಿಯಾ ಚೀಲ ಸೀಳಿ ಹಾಸಿದ್ದೇನೆ, ಅಗೆಯುವವರಿಗೆ ಗೊತ್ತಾಗಲಿ ಅಂತ. ಮೋಟಾರಿಗೆ ಹೋಗುವ ಎಳೆಗೆ 1.5 ಚದರ ಮಿಮೀ ತಾಮ್ರ, 35 ಮೀಟರ್ ಉದ್ದಕ್ಕೆ ಅದರ ತಡೆ ಅರ್ಧ ಓಮ್ ಕೂಡ ಆಗಲ್ಲ. ಮೀಟರಿನ ಎಳೆ ಸಣ್ಣದಿದ್ದರೂ ನಡೆಯುತ್ತದೆ.

ಸಿಡಿಲಿನ ವಿಷಯದಲ್ಲಿ ಮೂರೂ ಒಂದೇ, ಯಾವ ಪೈಪೂ ಕಾಯಲ್ಲ. ದೂರದಲ್ಲಿ ಗುಡುಗು ಕೇಳುವ ಮೊದಲೇ, ಮೋಡ ಕಟ್ಟಿದ ಕೂಡಲೇ ಕೇಬಲ್ಲಿನ ಪ್ಲಗ್ ಕಿತ್ತು ಕಿಟಕಿಯಾಚೆ ಹಾಕುತ್ತೇನೆ.