ಮ್ಯಾಕ್ ಅಂಡ್ ಚೀಸ್: ನೀಲಿ ಡಬ್ಬಿಯೋ, ಮೈದಾ ಸಾಸೋ, ಹಾಲಿನ ಡಬ್ಬಿಯೋ?

ಮ್ಯಾಕ್ ಅಂಡ್ ಚೀಸ್ ಅಂದರೆ ಬೇಯಿಸಿದ ಮ್ಯಾಕರೋನಿ ಪಾಸ್ತಾಗೆ ಕರಗಿದ ಚೀಸ್‌ನ ಸಾಸ್ ಕಲಸಿದ್ದು. ಮೊದಲೇ ಹೇಳಿಬಿಡುತ್ತೇನೆ. ವಾರದ ದಿನ, ಆಫೀಸ್ ಮುಗಿಸಿ ಬಂದು, ಹೊರಗೆ ಮೈನಸ್ ಇಪ್ಪತ್ತು ಇರುವಾಗ ಮಾಡುವ ಮ್ಯಾಕ್ ಅಂಡ್ ಚೀಸ್ ಅಂದರೆ ನನ್ನ ಓಟು ಎವಾಪರೇಟೆಡ್ ಮಿಲ್ಕ್ (ನೀರು ಇಂಗಿಸಿದ ಡಬ್ಬಿ ಹಾಲು) ಹಾಕಿ ಒಂದೇ ಪಾತ್ರೆಯಲ್ಲಿ ಮಾಡುವುದಕ್ಕೆ. ಉಳಿದವು ಕೆಟ್ಟವು ಅಂತಲ್ಲ. ಕೆಲವಕ್ಕೆ ಪುರುಸೊತ್ತು ಬೇಕು, ಕೆಲವಕ್ಕೆ ಮಕ್ಕಳ ನಾಲಿಗೆ ಬೇಕು.

ನಾವಿರುವುದು ಅಮೆರಿಕದ ಮಿನಿಯಾಪೋಲಿಸ್ ಪಕ್ಕ. ಅನ್ನ ಸಾರು ದಿನಾ ಇದ್ದೇ ಇರುತ್ತದೆ. ಆದರೆ ಇಲ್ಲೇ ಹುಟ್ಟಿದ ಮಗನಿಗೆ ನೆಗಡಿ ಬಂದರೆ ಬೇಕಾಗುವುದು ಮೆಣಸಿನ ಸಾರಲ್ಲ, ಬಿಸಿಬಿಸಿ ಮ್ಯಾಕ್ ಅಂಡ್ ಚೀಸ್. ಅವನ ತಟ್ಟೆಯಲ್ಲಿ ಉಳಿದಿದ್ದನ್ನು ತಿಂದೂ ತಿಂದೂ ನಮಗೂ ರುಚಿ ಹತ್ತಿತು. ಹೋಟೆಲಿಗೆ ಹೋದರೆ ಬೇಕನ್ (ಹಂದಿಮಾಂಸ) ಚೂರು ಉದುರಿಸಿದ್ದೀರಾ, ಚಿಕನ್ ಸ್ಟಾಕ್ ಹಾಕಿದ್ದೀರಾ ಅಂತ ವಿಚಾರಣೆ ಮಾಡುತ್ತ ಕೂರಬೇಕು, ನಾವು ಸಸ್ಯಾಹಾರಿಗಳು. ಹಾಗಾಗಿ ಮನೆಯಲ್ಲೇ ಮಾಡಿಕೊಳ್ಳುವುದು ವಾಸಿ.

ಯಾವ ವಿಧಾನ ಹಿಡಿದರೂ ತಾಪತ್ರಯ ಒಂದೇ: ಚೀಸ್ ಒಡೆಯಬಾರದು. ತುರಿದ ಚೆಡ್ಡರನ್ನು (ಇದಕ್ಕೆ ಸಾಮಾನ್ಯವಾಗಿ ಬಳಸುವ ಗಟ್ಟಿ ಚೀಸ್) ಕುದಿಯುವ ಹಾಲಿಗೆ ಸುಮ್ನೆ ಸುರಿದು ನೋಡಿ. ಮೇಲೆ ಹಳದಿ ಎಣ್ಣೆ ತೇಲುತ್ತದೆ, ತಳದಲ್ಲಿ ರವೆ ರವೆಯಾಗಿ ಗಸಿ ಕೂರುತ್ತದೆ. ಚೀಸ್‌ನೊಳಗಿನ ಪ್ರೋಟೀನನ್ನು ಕ್ಯಾಲ್ಸಿಯಂ ಒಂದಕ್ಕೊಂದು ಅಂಟಿಸಿಟ್ಟಿರುತ್ತದೆ. ಶಾಖ ಜಾಸ್ತಿಯಾದರೆ ಆ ಪ್ರೋಟೀನ್ ಬಿಗಿದುಕೊಂಡು ಒಳಗಿನ ಕೊಬ್ಬನ್ನೂ ನೀರನ್ನೂ ಹಿಂಡಿ ಹೊರಗೆ ಹಾಕುತ್ತದೆ. ಮಜ್ಜಿಗೆ ಹುಳಿ ಮಾಡುವವರಿಗೆ ಇದೇನು ಹೊಸದಲ್ಲ. ಬರೀ ಮಜ್ಜಿಗೆ ಕುದಿಸಿದರೆ ಒಡೆಯುತ್ತದೆ, ನೆನೆಸಿದ ಕಡಲೆಬೇಳೆ ರುಬ್ಬಿ ಸೇರಿಸಿದರೆ ನಿಲ್ಲುತ್ತದೆ, ಅಲ್ವಾ? ಇಲ್ಲಿ ಆ ಕೆಲಸವನ್ನು ಒಂದು ವಿಧಾನದಲ್ಲಿ ಮೈದಾ ಮಾಡುತ್ತದೆ, ಇನ್ನೊಂದರಲ್ಲಿ ಗಟ್ಟಿ ಹಾಲು, ಮತ್ತೊಂದರಲ್ಲಿ ಉಪ್ಪಿನಂಥ ಒಂದು ಬಿಳಿ ಪುಡಿ.

ಮೊದಲು ಅಂಗಡಿಯಲ್ಲಿ ಸಿಗುವ ನೀಲಿ ಡಬ್ಬಿಯದ್ದು. ಕ್ರಾಫ್ಟ್ ಕಂಪನಿ ಇದನ್ನು ಮಾರುಕಟ್ಟೆಗೆ ತಂದಿದ್ದು 1937ರಲ್ಲಿ, ಆರ್ಥಿಕ ಕುಸಿತದ ಕಾಲ. 19 ಸೆಂಟಿಗೆ ನಾಲ್ಕು ಜನರ ಊಟ ಅನ್ನುವುದೇ ಆಗಿನ ಜಾಹೀರಾತು. ಕೆನಡಾದಲ್ಲಿರುವ ಕನ್ನಡದವರಿಗೆ ಇದು ಕೆಡಿ (ಕ್ರಾಫ್ಟ್ ಡಿನ್ನರ್) ಅಂತಲೇ ಗೊತ್ತಿರುತ್ತದೆ. ಒಳಗೆ ಒಣ ಮ್ಯಾಕರೋನಿ, ಒಂದು ಕಾಗದದ ಪೊಟ್ಟಣದಲ್ಲಿ ಕಿತ್ತಳೆ ಬಣ್ಣದ ಪುಡಿ. ಮ್ಯಾಕರೋನಿ ಬೇಯಿಸಿ ನೀರು ಬಸಿದು ಬೆಣ್ಣೆ, ಹಾಲು, ಪುಡಿ ಹಾಕಿ ಕಲಸಿದರೆ ಮುಗಿಯಿತು. ನೀರು ಕುದಿಯುವ ಹೊತ್ತು ಬಿಟ್ಟರೆ ಹತ್ತು ನಿಮಿಷದ ಕೆಲಸ. ಆ ಬಣ್ಣ ನೋಡಿ ಕೆಮಿಕಲ್ ಅಂತ ನಾನು ಮೂಗು ಮುರಿಯುತ್ತಿದ್ದೆ, ಆದರೆ 2016ರಿಂದ ಕೃತಕ ಬಣ್ಣ ತೆಗೆದು ಪ್ಯಾಪ್ರಿಕಾ (ಕೆಂಪು ಮೆಣಸಿನ ಪುಡಿ), ಅನಾಟೊ (ಒಂದು ಬೀಜದ ಬಣ್ಣ), ಜೊತೆಗೆ ನಮ್ಮ ಅರಿಸಿನ ಹಾಕುತ್ತಿದ್ದಾರೆ. ಬದಲಾವಣೆ ಜನರ ನಾಲಿಗೆಗೆ ಗೊತ್ತಾಗದಿರಲಿ ಅಂತ ಸದ್ದಿಲ್ಲದೆ ಮಾರಿ, ಆಮೇಲೆ ಸುದ್ದಿ ಮಾಡಿದರು. ಒಳ್ಳೆ ಉಪಾಯ.

ರುಚಿ? ಉಪ್ಪು ಮುಂದೆ, ಚೀಸ್ ಹಿಂದೆ. ಮಕ್ಕಳಿಗೆ ಅದೇ ಇಷ್ಟ. ನೇರಳೆ ಡಬ್ಬಿಯಲ್ಲಿ ಬರುವ ಆನೀಸ್‌ನ ವೈಟ್ ಚೆಡ್ಡರ್ ಶೆಲ್ಸ್ ನನಗೆ ಇದಕ್ಕಿಂತ ಹಿಡಿಸುತ್ತದೆ. ಚಿಪ್ಪಿನಾಕಾರದ ಪಾಸ್ತಾದ ಗುಳಿಯಲ್ಲಿ ಸಾಸ್ ನಿಲ್ಲುತ್ತದೆ, ಉಪ್ಪಿನ ಹೊಡೆತವೂ ನಾಲಿಗೆಗೆ ಕಮ್ಮಿ ಅನ್ನಿಸುತ್ತದೆ. ಯಾವ ಡಬ್ಬಿ ಆದರೂ ಒಂದು ಮಾತು: ಹಾಲನ್ನು ಅಳತೆಗಿಂತ ಒಂದು ಚಮಚ ಕಮ್ಮಿ ಹಾಕಿ. ಪುಡಿ ಕರಗಿ ಗಟ್ಟಿಯಾಗಲು ಎರಡು ನಿಮಿಷ ಬೇಕು, ಅಷ್ಟರೊಳಗೆ ನೀರು ನೀರಾಗಿದೆ ಅಂತ ಗಾಬರಿಯಾಗುವುದು ಬೇಡ.

ಇನ್ನು ಮೈದಾ ಸಾಸ್. ಫ್ರೆಂಚರ ಬೆಶಮೆಲ್ ಇದೇ. ಅಡುಗೆ ಪುಸ್ತಕ ತೆರೆದರೆ ಮೊದಲು ಸಿಗುವುದೂ ಇದೇ. 225 ಗ್ರಾಂ ಮ್ಯಾಕರೋನಿಗೆ ಎರಡು ದೊಡ್ಡ ಚಮಚ ಬೆಣ್ಣೆ, ಅಷ್ಟೇ ಮೈದಾ, ಎರಡು ಕಪ್ ಹಾಲು, 225 ಗ್ರಾಂ ಚೆಡ್ಡರ್. ಬೆಣ್ಣೆಯಲ್ಲಿ ಮೈದಾ ಹಾಕಿ ಸಣ್ಣ ಉರಿಯಲ್ಲಿ ಹಸಿ ವಾಸನೆ ಹೋಗುವ ತನಕ ಕೈಯಾಡಿಸಬೇಕು, ಕೆಂಪಗಾಗಬಾರದು. ಹಾಲನ್ನು ಒಂದೇ ಸಲ ಸುರಿದರೆ ಗಂಟು. ಸ್ವಲ್ಪ ಸ್ವಲ್ಪವೇ ಹಾಕಿ ಕಡೆಯುತ್ತ ಹೋದರೆ ದೋಸೆ ಹಿಟ್ಟಿನ ಹದಕ್ಕೆ ಬರುತ್ತದೆ. ಸೌಟಿನ ಹಿಂಭಾಗವನ್ನು ಅದರಲ್ಲಿ ಅದ್ದಿ ಬೆರಳಲ್ಲಿ ಗೀರೆಳೆಯಿರಿ. ಗೀರು ಮುಚ್ಚಿಕೊಳ್ಳದೆ ಹಾಗೇ ನಿಂತರೆ ಹದ ಸರಿ. ಆಗ ಒಲೆ ಆರಿಸಿ. ಚೀಸ್ ಬೀಳಬೇಕಾದದ್ದು ಒಲೆ ಆರಿದ ಮೇಲೆ, ಒಂದೊಂದೇ ಹಿಡಿಯಾಗಿ. ಹಿಂದಿನ ಹಿಡಿ ಕರಗದೆ ಮುಂದಿನದು ಹಾಕಬಾರದು.

ಇದನ್ನು ಅಗಲವಾದ ಪಾತ್ರೆಗೆ ಸುರಿದು, ಮೇಲೆ ಬೆಣ್ಣೆಯಲ್ಲಿ ಹೊರಳಿಸಿದ ಬ್ರೆಡ್ ಪುಡಿ ಉದುರಿಸಿ, 180 ಡಿಗ್ರಿ ಸೆಲ್ಸಿಯಸ್ ಅವನ್‌ನಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷ ಇಟ್ಟರೆ ಬರುವ ಅಂಚಿನ ಗರಿಗರಿ ಇದೆಯಲ್ಲ, ಅದು ಬೇರೆ ಯಾವ ವಿಧಾನದಲ್ಲೂ ಬರುವುದಿಲ್ಲ, ಅದಕ್ಕಾಗಿ ನಮ್ಮ ಮನೆಯಲ್ಲಿ ಮೂಲೆಯ ತುಂಡು ಯಾರಿಗೆ ಅಂತ ದೊಡ್ಡವರೇ ಜಗಳಕ್ಕೆ ನಿಲ್ಲುತ್ತಾರೆ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಬೇಕ್ ಮಾಡಿದ್ದೇ ಬೇಕು. ಅಲ್ಲಿ ಎಷ್ಟೋ ಮನೆಗಳಲ್ಲಿ ಮೊಟ್ಟೆ ಒಡೆದು ಹಾಕಿ ಕತ್ತರಿಸುವಷ್ಟು ಗಟ್ಟಿಯಾಗಿ ಮಾಡುತ್ತಾರೆ. ಆಫೀಸಿನ ಪಾಟ್‌ಲಕ್‌ಗೆ (ಎಲ್ಲರೂ ಒಂದೊಂದು ಅಡುಗೆ ತರುವ ಊಟ) ನಾನು ಒಯ್ಯುವುದು ಮೈದಾದ್ದೇ, ಮೊಟ್ಟೆ ಇಲ್ಲದೆ. ಬೇಕ್ ಮಾಡುವುದಾದರೆ ಪಾಸ್ತಾವನ್ನು ಪೊಟ್ಟಣದ ಮೇಲೆ ಬರೆದಿರುವುದಕ್ಕಿಂತ ಎರಡು ನಿಮಿಷ ಮುಂಚೆ ಇಳಿಸಿ, ಇಲ್ಲದಿದ್ದರೆ ಅವನ್‌ನಲ್ಲಿ ಸಾಸನ್ನೆಲ್ಲ ಹೀರಿ ಊದಿಕೊಳ್ಳುತ್ತದೆ.

ತೊಂದರೆ ಏನೆಂದರೆ ಪಾತ್ರೆಗಳು. ಪಾಸ್ತಾ ಬೇಯಿಸಿದ್ದೊಂದು, ಸಾಸಿನದ್ದೊಂದು, ಬೇಕ್ ಮಾಡಿದ್ದೊಂದು, ತುರಿಯುವ ಮಣೆ, ವಿಸ್ಕು. ಮೈದಾ ಚೀಸ್‌ನ ರುಚಿಯನ್ನು ಸ್ವಲ್ಪ ಮಂಕಾಗಿಸುತ್ತದೆ ಬೇರೆ. ಅದಕ್ಕೇ ಇಲ್ಲಿಯವರು ಅರ್ಧ ಚಮಚ ಸಾಸಿವೆ ಪುಡಿ ಹಾಕುವುದು. ನಾವು ಒಗ್ಗರಣೆಗೆ ಬಳಸುವ ಕಪ್ಪು ಸಾಸಿವೆ ಪುಡಿ ಮಾಡಿ ಹಾಕುವುದಾದರೆ ಕಾಲು ಚಮಚ ಸಾಕು, ಅದರ ಘಾಟು ಜಾಸ್ತಿ.

ಈಗ ನನ್ನ ಮೆಚ್ಚಿನದು. ಎವಾಪರೇಟೆಡ್ ಮಿಲ್ಕ್ ಅಂದರೆ ಸುಮಾರು ಶೇ. 60ರಷ್ಟು ನೀರು ತೆಗೆದ ಹಾಲು. ಕಂಡೆನ್ಸ್ಡ್ ಮಿಲ್ಕ್ ಅಲ್ಲ, ದಯವಿಟ್ಟು ಡಬ್ಬಿ ನೋಡಿ ತನ್ನಿ! ಎರಡೂ ಒಂದೇ ಕಪಾಟಿನಲ್ಲಿ, ಹೆಚ್ಚುಕಮ್ಮಿ ಒಂದೇ ಗಾತ್ರದ ಡಬ್ಬಿಯಲ್ಲಿ ಪಕ್ಕಪಕ್ಕದಲ್ಲೇ ಇರುತ್ತವೆ, ಮಿಲ್ಕ್‌ಮೇಡ್ ಹಾಕಿದ ಮ್ಯಾಕ್ ಅಂಡ್ ಚೀಸ್ ಯಾರಿಗೂ ಬೇಡ. ಅಳತೆ ನೆನಪಿಡುವುದು ಸುಲಭ, ಮೂರೂ ಸಮ. 170 ಗ್ರಾಂ ಮ್ಯಾಕರೋನಿ, 170 ಗ್ರಾಂ ಎವಾಪರೇಟೆಡ್ ಮಿಲ್ಕ್, 170 ಗ್ರಾಂ ಚೆಡ್ಡರ್. ಮ್ಯಾಕರೋನಿಯನ್ನು ಬಾಣಲೆಗೆ ಹಾಕಿ, ಅದು ಮುಳುಗುವಷ್ಟೇ ತಣ್ಣೀರು, ಚಿಟಿಕೆ ಉಪ್ಪು, ದೊಡ್ಡ ಉರಿ. ಕೈ ಬಿಡದೆ ತಿರುವುತ್ತಿರಿ, ತಳ ಹಿಡಿಯುತ್ತದೆ. ನೀರು ಕುದಿದ ಮೇಲೆ ಆರು ನಿಮಿಷಕ್ಕೆ ನೀರೆಲ್ಲ ಹೆಚ್ಚೂಕಮ್ಮಿ ಇಂಗಿ, ಪಾಸ್ತಾ ಮುಕ್ಕಾಲು ಬೆಂದಿರುತ್ತದೆ. ಬಸಿಯುವ ಹಾಗಿಲ್ಲ, ಆ ಗಂಜಿಯೇ ಇಲ್ಲಿ ಮುಖ್ಯ. ಹಾಲು ಹಾಕಿ, ಒಂದು ಕುದಿ ಬಂದ ಮೇಲೆ ಚೀಸ್ ಹಾಕಿ, ಉರಿ ತಗ್ಗಿಸಿ ಎರಡು ನಿಮಿಷ ತಿರುವಿ.

ಗಟ್ಟಿ ಹಾಲಿನಲ್ಲಿ ಪ್ರೋಟೀನ್ ಜಾಸ್ತಿ, ಪಾಸ್ತಾದ ಗಂಜಿ ಬೇರೆ ಇದೆ. ಎರಡೂ ಸೇರಿ ಚೀಸ್ ಒಡೆಯಲು ಬಿಡುವುದಿಲ್ಲ. ಮೈದಾ ಇಲ್ಲ, ಹಾಗಾಗಿ ಚೆಡ್ಡರ್‌ನ ರುಚಿ ನೇರವಾಗಿ ನಾಲಿಗೆಗೆ ತಾಗುತ್ತದೆ. ತೊಳೆಯುವುದು ಒಂದೇ ಬಾಣಲೆ. ಡಬ್ಬಿಯ ಮ್ಯಾಕ್‌ಗಿಂತ ಐದು ನಿಮಿಷ ಹೆಚ್ಚು ಹಿಡಿಯುತ್ತದೇನೋ, ಅಷ್ಟೇ. ಹಾಲಿನ ಡಬ್ಬಿ 354 ಎಂಎಲ್‌ನದು, ಅರ್ಧ ಉಳಿಯುತ್ತದೆ. ಅದು ನಮ್ಮಲ್ಲಿ ಶ್ಯಾವಿಗೆ ಪಾಯಸಕ್ಕೆ. ಅಮ್ಮ ಹಾಸನದಿಂದ ಬಂದಿದ್ದಾಗ ಆ ಪಾಯಸ ತಿಂದು "ಹಾಲು ಎಷ್ಟು ಹೊತ್ತು ಕಾಯಿಸಿದೆಯೇ?" ಅಂತ ಕೇಳಿದರು. ನಾನು ಬಾಯಿಬಿಡಲಿಲ್ಲ.

ಅಮ್ಮನ ತಕರಾರು ಬೇರೆ ಕಡೆ ಶುರುವಾಯಿತು. ಚೀಸ್‌ನ ಪ್ಯಾಕೆಟ್ ಓದುತ್ತ ಕೂತವರು, "ಎಂಜೈಮ್ಸ್ ಅಂತ ಬರೆದಿದ್ದಾರಲ್ಲೇ, ಅದೇನು?" ಅಂದರು. ಸರಿಯಾದ ಪ್ರಶ್ನೆಯೇ. ಹಾಲು ಹೆಪ್ಪುಗಟ್ಟಿಸಲು ಹಳೇ ಕಾಲದಲ್ಲಿ ಬಳಸುತ್ತಿದ್ದ ರೆನೆಟ್ ಎಳೆಗರುವಿನ ಹೊಟ್ಟೆಯಿಂದ ತೆಗೆದದ್ದು. ಈಗ ಅಮೆರಿಕದಲ್ಲಿ ಬಹುಪಾಲು ಚೀಸ್‌ಗೆ ಸೂಕ್ಷ್ಮಜೀವಿಗಳಿಂದ ತಯಾರಿಸಿದ ಕೈಮೋಸಿನ್ ಹಾಕುತ್ತಾರೆ, ರೆನೆಟ್‌ನಲ್ಲಿ ಹಾಲು ಹೆಪ್ಪುಗಟ್ಟಿಸುವ ಎಂಜೈಮ್ ಇದೇ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಎಫ್‌ಡಿಎ ಇದಕ್ಕೆ ಒಪ್ಪಿಗೆ ಕೊಟ್ಟಿದ್ದು 1990ರಲ್ಲಿ. ಆದರೆ ಬರೀ 'ಎಂಜೈಮ್ಸ್' ಅಂತಿದ್ದರೆ ಅದು ಯಾವುದು ಬೇಕಾದರೂ ಆಗಿರಬಹುದು. 'ಮೈಕ್ರೋಬಿಯಲ್' ಅಥವಾ 'ವೆಜಿಟೇರಿಯನ್' ಅಂತ ಬರೆದಿರುವುದನ್ನು ಹುಡುಕಿ. ಇಟಲಿಯ ಅಸಲಿ ಪಾರ್ಮಿಜಾನೊ ರೆಜ್ಜಾನೊ ಚೀಸ್‌ಗೆ ಕರುವಿನ ರೆನೆಟ್ಟೇ ಆಗಬೇಕು ಅನ್ನುವುದು ಅಲ್ಲಿಯ ನಿಯಮ, ಹಾಗಾಗಿ ನಾನು ಅದನ್ನು ಮೇಲೆ ತುರಿಯಲು ಬಳಸುವುದಿಲ್ಲ. ಇದನ್ನು ನೋಡುವವರಿಗೆ ಡಬ್ಬಿಯ ಪುಡಿಗಿಂತ ಮನೆಯಲ್ಲಿ ಮಾಡುವುದೇ ನಿಶ್ಚಿಂತೆ. ಯಾವ ಚೀಸ್ ಹೋಯಿತು ಅಂತ ನಮಗೆ ಗೊತ್ತಿರುತ್ತದೆ.

ಹಾಗೆಯೇ, ತುರಿದೇ ಸಿಗುವ ಚೀಸ್ ತರಬೇಡಿ. ಎಳೆಗಳು ಅಂಟದಿರಲಿ ಅಂತ ಅದಕ್ಕೆ ಆಲೂಗಡ್ಡೆ ಪಿಷ್ಟ, ಸೆಲ್ಯುಲೋಸ್ ಪುಡಿ ಸವರಿರುತ್ತಾರೆ, ಸಾಸ್ ತರಿತರಿ ಆಗುತ್ತದೆ. ಗಟ್ಟಿ ಮುದ್ದೆ ತಂದು ನೀವೇ ತುರಿಯಿರಿ. ಮೈಲ್ಡ್ ಅಥವಾ ಮೀಡಿಯಂ ಚೆಡ್ಡರ್ ಚೆನ್ನಾಗಿ ಕರಗುತ್ತದೆ. ಬಹಳ ಹಳೆಯ ಎಕ್ಸ್‌ಟ್ರಾ ಶಾರ್ಪ್ ಚೆಡ್ಡರ್‌ಗೆ ರುಚಿ ಜಾಸ್ತಿ, ಒಡೆಯುವ ಚಾಳಿಯೂ ಜಾಸ್ತಿ.

ಆ ಹಳೆಯ ಚೆಡ್ಡರೇ ಬೇಕು ಅನ್ನುವವರಿಗೆ ಸೋಡಿಯಂ ಸಿಟ್ರೇಟ್ ಇದೆ. ಆನ್‌ಲೈನ್‌ನಲ್ಲಿ ಪುಡಿಯಾಗಿ ಸಿಗುತ್ತದೆ. ಇದು ಪ್ರೋಟೀನ್‌ಗೆ ಅಂಟಿಕೊಂಡ ಕ್ಯಾಲ್ಸಿಯಂ ಅನ್ನು ಎಳೆದುಕೊಳ್ಳುತ್ತದೆ, ಆಗ ಪ್ರೋಟೀನ್ ಸಡಿಲವಾಗಿ ಕೊಬ್ಬನ್ನೂ ನೀರನ್ನೂ ಹಿಡಿದುಕೊಳ್ಳುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ 1911ರಲ್ಲೇ ಪ್ರೊಸೆಸ್ಡ್ ಚೀಸ್ ಮಾಡಲು ಬಳಸಿದ್ದು ಇದನ್ನೇ. ಚೀಸ್‌ನ ತೂಕದ ಶೇ. 4ರಷ್ಟು ಸಾಕು. ಅಂದರೆ 285 ಗ್ರಾಂ ಚೀಸ್‌ಗೆ 11 ಗ್ರಾಂ. ಒಂದು ಕಪ್‌ಗಿಂತ ತುಸು ಜಾಸ್ತಿ ನೀರಿಗೋ ಹಾಲಿಗೋ ಅದನ್ನು ಕರಗಿಸಿ, ಸಣ್ಣಗೆ ಕುದಿಸಿ, ಚೀಸ್ ಹಾಕುತ್ತ ಕಡೆದರೆ ಕನ್ನಡಿಯಂಥ ಸಾಸ್. ಬರೀ ನೀರು ಹಾಕಿದರೂ ಒಡೆಯುವುದಿಲ್ಲ, ನೋಡುವುದಕ್ಕೇ ಒಂಥರಾ ಖುಷಿ. ಆದರೆ ಗ್ರಾಂ ತೂಗುವ ತಕ್ಕಡಿ ಬೇಕು, ಕಣ್ಣಳತೆ ನಡೆಯುವುದಿಲ್ಲ. ಪುಡಿ ಹೆಚ್ಚಾದರೆ ಉಪ್ಪುಪ್ಪು, ಬಾಯಿಗೆ ಪ್ಲಾಸ್ಟಿಕ್ ತರಹ. ನನ್ನ ಗಂಡ ಇದರ ಭಕ್ತ. ನನಗೆ ಇದರ ನುಣುಪು ಅತಿಯಾಯಿತು ಅನ್ನಿಸುತ್ತದೆ.

ಇನ್‌ಸ್ಟಂಟ್ ಪಾಟ್ (ಕರೆಂಟಿನ ಪ್ರೆಶರ್ ಕುಕ್ಕರ್) ಬಗ್ಗೆ ಹೆಚ್ಚು ಹೇಳುವುದಿಲ್ಲ. ಹತ್ತು ಜನ ಬಂದಾಗ ಅನುಕೂಲ. 450 ಗ್ರಾಂ ಮ್ಯಾಕರೋನಿ, ನಾಲ್ಕು ಕಪ್ ನೀರು, ನಾಲ್ಕು ನಿಮಿಷದ ಪ್ರೆಶರ್, ತಕ್ಷಣ ಆವಿ ಬಿಡುವುದು, ಆಮೇಲೆ ಹಾಲು ಮತ್ತು ಚೀಸ್. ಬೇಯಿಸುವಾಗ ಒಂದು ಚಮಚ ಬೆಣ್ಣೆ ಹಾಕಿದರೆ ಆವಿಯ ಜೊತೆ ಗಂಜಿ ನೊರೆ ಉಗುಳುವುದು ಕಮ್ಮಿ. ಆದರೆ ಒಂದು ನಿಮಿಷ ಹೆಚ್ಚುಕಮ್ಮಿಯಾದರೂ ಪಾಸ್ತಾ ಮೆತ್ತಗಾಗುತ್ತದೆ, ಮಧ್ಯೆ ಮುಚ್ಚಳ ತೆಗೆದು ನೋಡುವ ಹಾಗಿಲ್ಲ. ಊರಿಂದ ತಂದ ವಿಶಲ್ ಕುಕ್ಕರ್‌ನಲ್ಲಂತೂ ಬೇಡವೇ ಬೇಡ.

ಮಾರನೇ ದಿನದ ಲೆಕ್ಕ ಬೇರೆ. ಸ್ಕೂಲಿನ ಥರ್ಮಾಸ್‌ಗೆ ಹಾಕುವವರು ಇದನ್ನು ನೋಡಲೇಬೇಕು. ಮೈದಾದ್ದು ಫ್ರಿಜ್‌ನಲ್ಲಿ ಕಲ್ಲಾಗುತ್ತದೆ, ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದರೆ ಅಂಚಿನಲ್ಲಿ ಎಣ್ಣೆ ಬಿಡುತ್ತದೆ. ಎವಾಪರೇಟೆಡ್ ಮಿಲ್ಕ್‌ನದೂ ಗಟ್ಟಿಯಾಗುತ್ತದೆ, ಆದರೆ ಎರಡು ಚಮಚ ಹಾಲು ಹಾಕಿ ಸಣ್ಣ ಉರಿಯಲ್ಲಿ ಕಲಸಿದರೆ ಮುಕ್ಕಾಲು ಪಾಲು ವಾಪಸ್ ಬರುತ್ತದೆ. ಇಲ್ಲಿ ಮಾತ್ರ ಸಿಟ್ರೇಟ್ ಎಲ್ಲಕ್ಕಿಂತ ಮುಂದೆ, ಬಿಸಿ ಮಾಡಿದರೆ ನಿನ್ನೆಯಂತೆಯೇ. ಅದಕ್ಕೆ ನಾನೀಗ ಮಾಡುವುದು ಇಷ್ಟು: ಎವಾಪರೇಟೆಡ್ ಮಿಲ್ಕ್ ವಿಧಾನದಲ್ಲೇ ಚೆಡ್ಡರ್ ಸ್ವಲ್ಪ ಕಡಿಮೆ ಮಾಡಿ, ಎರಡು ಸ್ಲೈಸ್ ಅಮೆರಿಕನ್ ಚೀಸ್ ಹರಿದು ಹಾಕುತ್ತೇನೆ. ಆ ಸ್ಲೈಸ್‌ಗಳಲ್ಲಿ ಸಾಮಾನ್ಯವಾಗಿ ಸೋಡಿಯಂ ಸಿಟ್ರೇಟ್ ಇದ್ದೇ ಇರುತ್ತದೆ, ಪುಡಿಯೂ ಬೇಡ, ತಕ್ಕಡಿಯೂ ಬೇಡ. ಥರ್ಮಾಸ್‌ಗೆ ಮೊದಲು ಕುದಿಯುವ ನೀರು ತುಂಬಿ ಐದು ನಿಮಿಷ ಬಿಟ್ಟು ಚೆಲ್ಲಿ, ಆಮೇಲೆ ಮ್ಯಾಕ್ ಹಾಕಿದರೆ ಮಧ್ಯಾಹ್ನಕ್ಕೂ ಬಿಸಿ ಇರುತ್ತದೆ. ಖಾರ ಬೇಕಾದ ದೊಡ್ಡವರಿಗೆ ಬ್ಯಾಡಗಿ ಮೆಣಸಿನ ಪುಡಿ ಮೇಲೆ ಉದುರಿಸುವುದು ಬಣ್ಣಕ್ಕಷ್ಟೇ ಸರಿ. ಸಣ್ಣಗೆ ಹೆಚ್ಚಿದ ಹಸಿಮೆಣಸಿನಕಾಯಿಯನ್ನು ಬೆಣ್ಣೆಯಲ್ಲಿ ಬಾಡಿಸಿ ಕೊನೆಗೆ ಕಲಸಿ, ಚೀಸ್‌ನ ಜಿಡ್ಡಿಗೆ ಅದೇ ಜೋಡಿ.