ಪಿಎಂಎಂಎ 950 ಎ4: ಮೆಟಾಸರ್ಫೇಸ್ ತಯಾರಿಕೆಗೆ ನಂಬಿಕೆಯ ರೆಸಿಸ್ಟ್

ಬೆಳಕಿನ ತರಂಗಾಂತರಕ್ಕಿಂತ ಚಿಕ್ಕದಾದ ಚಿನ್ನದ ಬಿಲ್ಲೆಗಳನ್ನು ಸಾಲಾಗಿ ಕೂರಿಸಿ ಮೆಟಾಸರ್ಫೇಸ್ (ಬೆಳಕನ್ನು ಬೇಕಾದಂತೆ ನಿಯಂತ್ರಿಸುವ ತೆಳು ಮೇಲ್ಮೈ) ತಯಾರಿಸುವವರಿಗೆ, ಅನಿಸೋಲ್‌ನಲ್ಲಿ ಶೇ. 4ರಷ್ಟು ಪಿಎಂಎಂಎ ಎಂಬ ಪಾಲಿಮರ್ ಕರಗಿಸಿದ ಈ ರೆಸಿಸ್ಟನ್ನು (ಕಿರಣದಿಂದ ವಿನ್ಯಾಸ ಬರೆಯಲು ಹಚ್ಚುವ ಲೇಪವನ್ನು) ನಾನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಇದನ್ನು ತಟ್ಟೆಯ ಮೇಲೆ ಸುರಿದು ನಿಮಿಷಕ್ಕೆ 4000 ಸುತ್ತಿನ ವೇಗದಲ್ಲಿ ತಿರುಗಿಸಿದರೆ ಸುಮಾರು 200 ನ್ಯಾನೋಮೀಟರ್ ದಪ್ಪದ ಪದರ ಸಮನಾಗಿ ಹರಡುತ್ತದೆ; ಅದನ್ನು 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿ, ಎಲೆಕ್ಟ್ರಾನ್ ಕಿರಣದಿಂದ ವಿನ್ಯಾಸ ಬರೆದು, ಒಂದು ಪಾಲು ಎಂಐಬಿಕೆಗೆ (ಮೀಥೈಲ್ ಐಸೊಬ್ಯುಟೈಲ್ ಕೀಟೋನ್) ಮೂರು ಪಾಲು ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಬೆರೆಸಿದ ದ್ರಾವಣದಲ್ಲಿ ಅದ್ದಿದಾಗ ಕಿರಣ ತಗುಲಿದ ಭಾಗ ಮಾತ್ರ ಕರಗುತ್ತದೆ. ಮೇಲೆ ತೆಳುವಾಗಿ ಟೈಟಾನಿಯಂ, ನಂತರ ಚಿನ್ನ ಲೇಪಿಸಿ ಅಸಿಟೋನ್‌ನಲ್ಲಿ ನೆನೆಸಿದರೆ, ಉಳಿದ ರೆಸಿಸ್ಟ್ ಬೇಡದ ಚಿನ್ನದ ಸಮೇತ ಎದ್ದುಬಂದು, ಅಂಚು ಹರಿಯದ ಬಿಲ್ಲೆಗಳು ಉಳಿಯುವುದನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದೇ ಒಂದು ಸಂತೋಷ. ಗಾಜಿನ ಮೇಲೆ ಬರೆಯುವವರು ವಿದ್ಯುದಾವೇಶ ಶೇಖರವಾಗದಂತೆ ವಾಹಕ ಪದರವೊಂದನ್ನು ಹಾಕಲೇಬೇಕು. ಆದರೆ ಪ್ಲಾಸ್ಮಾ ಕೆತ್ತನೆಯನ್ನು (ವಿದ್ಯುದಾವಿಷ್ಟ ಅನಿಲದಿಂದ ಕೊರೆಯುವುದನ್ನು) ಇದು ಹೆಚ್ಚು ಹೊತ್ತು ತಾಳುವುದಿಲ್ಲವಾದ್ದರಿಂದ, ಎತ್ತರದ ಸಿಲಿಕಾನ್ ಕಂಬಗಳನ್ನು ಕೆತ್ತುವವರು ಇದೊಂದನ್ನೇ ನೆಚ್ಚಿಕೊಳ್ಳಬಾರದು.